ಜುಬೈಲಿನಲ್ಲಿ ನಡೆದು ನೋಡಿದ ಇಂಗ್ಲೆಂಡಿನ ಹಳ್ಳಿ

ಅಜ್ಜನಾದವನ ಬುದ್ಧಿ ಎಲ್ಲಿರುತ್ತದೆ ಎಂದು ಯಾರಾದರೂ ಕೇಳಿದರೆ ಮೊಮ್ಮಗುವಿನ ಅಂಗಾಲಿನಲ್ಲಿ ಎಂದು ನಾನು ಹೇಳುತ್ತೇನೆ. ಮಗು ಕಾಲು ಝಾಡಿಸಿದ ಕಡೆಗೆ ಅದೂ ಹಾರುತ್ತದೆ, ಹಿಡಿಯಲು ಹೋದರೆ ಸಿಗುವುದಿಲ್ಲ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಐದನೇ ಕ್ಲಾಸಿನಲ್ಲೇ ನನ್ನಿಂದ ಪುಸ್ತಕಗಳಿಗೂ ಪುಸ್ತಕಗಳಿಂದ ನನಗೂ ಬಿಡುಗಡೆಯಾಗಿತ್ತು. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ದಿನ ನಾನು ಸಕ್ಕರೆ ಡಬ್ಬಿಗೆ ಉಪ್ಪು ಸುರಿದು, ಆ ಚಹಾವನ್ನು ಅಂಗಡಿಯಲ್ಲಿದ್ದವರಿಗೆಲ್ಲ ಪುಕ್ಕಟೆಯಾಗಿ ಕುಡಿಸಿದೆ. ಪುಕ್ಕಟೆಯಾದ್ದರಿಂದ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಪೇಶಾವರದ ಕಡೆಯ ಟ್ರೈಲರ್ ಡ್ರೈವರ್ ಖಾನ್ ಮಾತ್ರ ಲೋಟ ಕೆಳಗಿಟ್ಟು, "ಬಾಬಾಜಿ, ಮುಬಾರಕ್ ಹೋ. ಲೇಕಿನ್ ಯೇ ಚಾಯ್ ಹೈ ಯಾ ಸಮುಂದರ್?" ಎಂದ. ಸಮುದ್ರವಾದರೂ ಆಗಲಿ, ಕುಡಿ ಮಾರಾಯ, ನಾನು ಅಜ್ಜನಾದೆ ಎಂದು ನಾನು ಅವನಿಗೆ ಇನ್ನೊಂದು ಲೋಟ ಕೊಟ್ಟೆ.

ನನ್ನದು ಸೌದಿಯ ಜುಬೈಲಿನಲ್ಲಿ, ಕಂಪನಿ ಕ್ಯಾಂಪುಗಳ ಸಾಲಿನ ಎದುರಿಗೆ ಒಂದು ಬೂಫಿಯಾ. ಹೆಸರು ಕೇಳಿ ಹೆದರಬೇಡಿ. ನಮ್ಮ ಬಂಟ್ವಾಳದ ಕಡೆಯ ಚಹಾದಂಗಡಿಗೆ ಏಸಿ ಹಾಕಿ ಬಾಗಿಲ ಮೇಲೆ ಅರಬಿಯಲ್ಲಿ ಬರೆದರೆ ಅದೇ ಬೂಫಿಯಾ. ಬಾಗಿಲ ಹತ್ತಿರ ನನ್ನ ಗಲ್ಲಾ, ನಡುವೆ ಮೇಜುಗಳು, ಒಂದು ಬದಿಗೆ ಫ್ರಿಜ್ಜು, ಹಿಂದೆ ಅಡುಗೆಮನೆ. ಅಡುಗೆಮನೆಯ ಬಾಯಿಯಲ್ಲೇ ಪರೋಟದ ಕಾವಲಿ. ಆ ಕಾವಲಿಯ ರಾಜ ವಿಟ್ಲದ ಅಬ್ದು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು, ಬಾಯಿಯಲ್ಲಿ ಬಹಳ ದೊಡ್ಡವನು. ಬೆಂದ ಪರೋಟಗಳನ್ನು ಅಟ್ಟಿ ಮಾಡಿ ಎರಡು ಕೈಗಳ ನಡುವೆ ಅವನು ಟಪಟಪ ಹೊಡೆದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತವೆ, ಬೀದಿಯಲ್ಲಿ ಹೋಗುವವನಿಗೂ ಹಸಿವಾಗುತ್ತದೆ.

ನನ್ನ ಒಬ್ಬಳೇ ಮಗಳು ಸಫಿಯಾ ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದಾಳೆ. ಅಳಿಯನಿಗೆ ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ. ಇಂಗ್ಲೆಂಡ್ ಎಂದರೆ ಲಂಡನ್, ಲಂಡನ್ ಎಂದರೆ ಒಂದು ಗಡಿಯಾರದ ಗೋಪುರ ಮತ್ತು ಕೆಂಪು ಬಸ್ಸು ಎಂದು ನಾನು ತಿಳಿದುಕೊಂಡಿದ್ದೆ. ಇವರು ಮನೆ ಹಿಡಿದದ್ದು ಹಳ್ಳಿಯಲ್ಲಿ. ನನ್ನ ಮಗಳನ್ನು ಓದಿಸಿ ಮದುವೆ ಮಾಡಿ ಇಂಗ್ಲೆಂಡಿಗೆ ಕಳಿಸಿದರೆ ಅವಳು ಅಲ್ಲಿಯೂ ದನ ಕುರಿಗಳ ನಡುವೆಯೇ ಇದ್ದಾಳಲ್ಲ ಎಂದು ಮೊದಮೊದಲು ನನಗೆ ಸ್ವಲ್ಪ ಬೇಸರವೇ ಆಗಿತ್ತು. ಊರಿನಲ್ಲಿ ಕೇಳಿದವರಿಗೆ "ಲಂಡನಿನ ಹತ್ತಿರ" ಎನ್ನುತ್ತಿದ್ದೆ. ಎಷ್ಟು ಹತ್ತಿರ ಎಂದು ಕೇಳುವಷ್ಟು ಕೆಟ್ಟವರು ನಮ್ಮ ಊರಿನಲ್ಲಿಲ್ಲ.

ಮೊಮ್ಮಗಳ ಹೆಸರು ಹನಾ. ಚಂದದ ವಿಷಯವನ್ನು ನಾನು ಹೇಳಿದರೆ ಹೊಗಳಿದ ಹಾಗಾಗುತ್ತದೆ, ಆದರೂ ಹೇಳುತ್ತೇನೆ: ಅಂಥ ಮಗು ಇಲ್ಲ. ಅವಳ ವಿಷಯದಲ್ಲಿ ನನಗಿದ್ದ ಆಸೆ ಒಂದೇ. ಎದುರಿಗೆ ಕಂಡ ದಿನ ಅವಳು ನನ್ನ ಕಡೆಗೆ ಕೈ ಚಾಚಬೇಕು. ಇದು ಎಂತ ದೊಡ್ಡ ಆಸೆ ಎಂದು ನಿಮಗೆ ಅನ್ನಿಸಬಹುದು. ಗಲ್ಫಿನವನ ಸಂಕಟ ಗಲ್ಫಿನವನಿಗೇ ಗೊತ್ತು. ಸಫಿಯಾ ಹುಟ್ಟಿದಾಗಲೂ ನಾನು ಇಲ್ಲಿಯೇ ಇದ್ದೆ. ರಜೆ ಸಿಕ್ಕಿ ಊರಿಗೆ ಹೋದಾಗ ಅವಳಿಗೆ ಮಾತು ಬಂದಿತ್ತು. ಗೊಂಬೆ, ಚಾಕಲೇಟು, ಸೆಂಟು ಎಲ್ಲ ಹಿಡಿದು ನಿಂತ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಉಮ್ಮನ ಹಿಂದೆ ಅಡಗಿ, "ಈ ಜನ ಯಾವಾಗ ಹೋಗ್ತಾರೆ?" ಎಂದು ಕೇಳಿದ್ದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಮೀನಿನ ಮುಳ್ಳಿನ ಹಾಗೆ ಎಲ್ಲೋ ಸಿಕ್ಕಿಕೊಂಡಿದೆ. ಎಷ್ಟು ಅನ್ನ ನುಂಗಿದರೂ ಇಳಿದಿಲ್ಲ. ಮೊಮ್ಮಗಳ ಬಾಯಿಯಿಂದಲೂ ಅದೇ ಮಾತು ಬರಬಾರದು ಎಂದು ನಾನು ಗಟ್ಟಿ ಮನಸ್ಸು ಮಾಡಿದೆ.

ಈ ಹನಾಳಿಗೆ ತಳ್ಳುಗಾಡಿ ಉರುಳದಿದ್ದರೆ ನಿದ್ದೆ ಬರುವುದಿಲ್ಲ. ಅದಕ್ಕಾಗಿ ಸಫಿಯಾ ಬೆಳಿಗ್ಗೆ ಬೆಳಿಗ್ಗೆ ಗಾಡಿ ತಳ್ಳಿಕೊಂಡು ಹಳ್ಳಿಯ ಸುತ್ತ ತಿರುಗುತ್ತಾಳೆ. ಅಲ್ಲಿ ಬೆಳಿಗ್ಗೆಯಾದರೆ ನಮಗೆ ಮಧ್ಯಾಹ್ನದ ಲುಹರ್ ನಮಾಝ್ ಮುಗಿದು ಊಟದ ಹೊತ್ತು. ಅವಳು ಗಾಡಿಯ ಮೇಲೆ ಮಗುವಿಗೆ ಕಾಣುವ ಹಾಗೆ ಫೋನು ಸಿಕ್ಕಿಸಿ ನನಗೆ ವಿಡಿಯೋ ಕಾಲ್ ಮಾಡಲು ಶುರುಮಾಡಿದಳು. ಮೊದಲ ದಿನ ನಾನು ಗಲ್ಲಾದಲ್ಲಿ ಗೋಡೆಗೆ ಒರಗಿ ಕುಳಿತು, ಗಡ್ಡ ಬಾಚಿ, ನಗುತ್ತ ಫೋನು ನೋಡಿದೆ. ಹನಾ ನನ್ನ ಮುಖ ಕಂಡದ್ದೇ ತಡ, ಇಡೀ ಇಂಗ್ಲೆಂಡ್ ಕೇಳುವ ಹಾಗೆ ಅತ್ತಳು. ಎರಡನೇ ದಿನವೂ ಅದೇ. ಅಬ್ದು ಕಾವಲಿಯ ಹತ್ತಿರದಿಂದಲೇ, "ಹಮೀದಾಕ, ಅಷ್ಟು ಹತ್ತಿರ ಹಿಡಿದರೆ ದೊಡ್ಡವರೇ ಹೆದರ್ತಾರೆ, ಅದು ಮಗು ಅಲ್ವಾ?" ಎಂದ. ಇನ್ನೊಂದು ದಿನ ಹೀಗೆಯೇ ಅಳು ನಡೆಯುತ್ತಿದ್ದಾಗ ಒಳಗಿನಿಂದ ಸಾಂಬಾರ್ ತರಲೆಂದು ನಾನು ಫೋನು ಹಿಡಿದುಕೊಂಡೇ ಎದ್ದೆ. ಅಡುಗೆಮನೆಯ ಬಾಯಿ ದಾಟುವಾಗ ಅಳು ಗಕ್ಕನೆ ನಿಂತಿತು. ನೋಡಿದರೆ ಹನಾ ನಗುತ್ತಿದ್ದಾಳೆ! ಬಾಯಲ್ಲಿ ಒಂದೂ ಹಲ್ಲಿಲ್ಲದ, ಏನನ್ನೂ ಮುಚ್ಚಿಡದ ನಗು. "ಉಪ್ಪ, ನೀವು ನಡೆದರೆ ಅವಳು ನಗ್ತಾಳೆ!" ಎಂದು ಸಫಿಯಾ ಕೂಗಿದಳು. ನಮ್ಮ ಮಾತು ನಡೆಯುವುದು ಬ್ಯಾರಿಯಲ್ಲಿ. ಆ ಸಂತೋಷ ಯಾವ ಭಾಷೆಯಲ್ಲಿ ಬರೆದರೂ ಒಂದೇ.

ಅಂದಿನಿಂದ ಅವರು ಅಲ್ಲಿ ನಡೆದರೆ ನಾನು ಇಲ್ಲಿ ನಡೆಯುವುದು ಎಂದು ತೀರ್ಮಾನವಾಯಿತು. ಮಗುವಿಗೆ ಅಜ್ಜ ಜೊತೆಯಲ್ಲಿ ನಡೆಯುತ್ತಿದ್ದಾನೆ ಎಂಬ ಧೈರ್ಯ ಬೇಕು, ಅಷ್ಟೆ. ಹೊರಗೆ ನಡೆಯೋಣವೆಂದರೆ ಜುಬೈಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಮನುಷ್ಯ ಹಪ್ಪಳವಾಗುತ್ತಾನೆ. ಹಾಗಾಗಿ ಬೂಫಿಯಾದ ಒಳಗೇ ಸುತ್ತತೊಡಗಿದೆ. ಸುಮ್ಮನೆ ಸುತ್ತಿದರೆ ಮನಸ್ಸಿಗೆ ಹಿಡಿಸಲಿಲ್ಲ. ಹಳ್ಳಿಯ ದಾರಿಯನ್ನೇ ಅಂಗಡಿಯೊಳಗೆ ಹಾಸಿದೆ. ಗಲ್ಲಾ ಅಂದರೆ ಅವರ ಹಳೆಯ ಇಗರ್ಜಿ, ಫ್ರಿಜ್ಜು ಅಂದರೆ ಬಾತುಕೋಳಿಗಳ ಕೆರೆ, ಮೇಜುಗಳು ಗದ್ದೆ, ಕಾವಲಿಯ ಮೂಲೆಯಲ್ಲಿ ಗದ್ದೆಯ ಗೇಟು. ಗೇಟಿನ ಮೂಲೆ ಬಂದಾಗಲೆಲ್ಲ ಹನಾ ಕೈಕಾಲು ಬಡಿದು ಕೇಕೆ ಹಾಕುತ್ತಿದ್ದಳು. ನನ್ನ ಮೊಮ್ಮಗಳಿಗೆ ಗೇಟು ಎಂದರೆ ಪ್ರಾಣ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. "ಗೇಟು ಎಲ್ಲಿಯಾದರೂ ಹಾಕಿ ಹಮೀದಾಕ, ನಾನು ಪರೋಟ ಹೊಡೆಯುವಾಗ ಬೆನ್ನಿಗೆ ಬಂದು ತಾಗ್ಬೇಡಿ, ಕೈ ಸುಡ್ತದೆ" ಎಂದು ಅಬ್ದು ಗೊಣಗುತ್ತಿದ್ದ. ಊರಿನಿಂದ ನನ್ನ ಮನೆಯವಳು ಜುಬೈದಾ ಫೋನು ಮಾಡಿ, "ಹೌದಾ, ನನ್ನ ಜೊತೆ ಪೇಟೆಗೆ ಬರ್ಲಿಕ್ಕೆ ನಿಮಗೆ ಮೊಣಕಾಲು ನೋವು, ಬಿಳಿಯರ ಗದ್ದೆಯಲ್ಲಿ ತಿರುಗ್ಲಿಕ್ಕೆ ಎಂತದೂ ಇಲ್ಲವಾ?" ಎಂದು ಕೇಳಿದಳು. ಕೆಲವು ಪ್ರಶ್ನೆಗಳಿಗೆ ನೆಟ್‌ವರ್ಕ್ ಸರಿಯಿಲ್ಲ ಎನ್ನುವುದೇ ಉತ್ತರ.

ಹೀಗೆ ನಡೆದೂ ನಡೆದೂ ಆ ಹಳ್ಳಿಯ ಮೂಲೆಮೂಲೆಯೂ ನನಗೆ ಪಾಠವಾಯಿತು. ಮಗು ನಿದ್ದೆ ಹೋದ ಮೇಲೆ ಸಫಿಯಾ ಫೋನು ತಿರುಗಿಸಿ ಊರು ತೋರಿಸುತ್ತಿದ್ದಳು. ಅಲ್ಲಿನ ಒಂದು ವಿಚಿತ್ರ ಕೇಳಿ. ಯಾರದೋ ಗದ್ದೆ, ಯಾರದೋ ಬೇಲಿ, ಆದರೆ ನಡುವಿನಿಂದ ಊರಿನವರೆಲ್ಲ ನಡೆದುಹೋಗಬಹುದು. ಹಾಗೆಂದು ಸರಕಾರವೇ ಬೋರ್ಡು ಹಾಕಿದೆ. ನಮ್ಮ ಕಡೆ ಒಬ್ಬರ ಹಿತ್ತಲಿನಲ್ಲಿ ಇನ್ನೊಬ್ಬರ ಕೋಳಿ ನಡೆದರೆ ಮೊದಲು ಹೆಂಗಸರು, ಆಮೇಲೆ ಗಂಡಸರು, ಕೊನೆಗೆ ವಕೀಲರು ಮಾತನಾಡುತ್ತಾರೆ. "ಗದ್ದೆಯ ಯಜಮಾನ ಬಯ್ಯುವುದಿಲ್ಲವಾ ಮಗಳೇ?" ಎಂದು ಕೇಳಿದೆ. "ಇಲ್ಲ ಉಪ್ಪ, ಗೇಟು ಹಾಕಿ ಹೋಗಿ ಅಂತ ಮಾತ್ರ ಹೇಳ್ತಾರೆ." ಗೇಟು ಇಲ್ಲದ ಕಡೆ ಬೇಲಿಯ ಎರಡೂ ಬದಿಗೆ ಮರದ ಮೆಟ್ಟಿಲು ಕಟ್ಟಿದ್ದಾರೆ, ಹತ್ತಿ ಇಳಿಯಲು. ಮೊದಲು ಯಾರೂ ಬರಬಾರದೆಂದು ಬೇಲಿ, ಆಮೇಲೆ ಬರುವವರಿಗೆ ತೊಂದರೆಯಾಗಬಾರದೆಂದು ಮೆಟ್ಟಿಲು! ಇಷ್ಟು ಮರ್ಯಾದೆಯ ಜನ ನಮ್ಮ ದೇಶವನ್ನು ಹೇಗೆ ಹಿಡಿದುಕೊಂಡರು ಎಂದು ಅಬ್ದು ಆಶ್ಚರ್ಯಪಟ್ಟ. ಬೇಲಿಗೆ ಮೆಟ್ಟಿಲು ನಾವೇ ಇಟ್ಟಿರಬೇಕು ಎಂದೆ.

ಆ ಹಳ್ಳಿಯಲ್ಲಿ ಮಳೆಗೆ ಕಾಲವೆಂಬುದಿಲ್ಲ, ಮನಸ್ಸಾದಾಗ ಬರುತ್ತದೆ. ಒಂದು ದಿನ ಸಫಿಯಾ ಕೊಡೆ ಬಿಡಿಸಿದಳು. ಮಗು ನನ್ನನ್ನೇ ನೋಡುತ್ತಿತ್ತು. ತನ್ನ ತಲೆಯ ಮೇಲೆ ಕೊಡೆಯಿದ್ದು ಅಜ್ಜ ನೆನೆಯುತ್ತಿದ್ದಾನೆ ಎಂದು ಅದಕ್ಕೆ ಬೇಸರವಾಗಬಾರದಲ್ಲ? ಊರಿನಿಂದ ತಂದು ಮೂಲೆಯಲ್ಲಿ ಇಟ್ಟಿದ್ದ ಕೊಡೆಯನ್ನು ಧೂಳು ಕೊಡವಿ ಬಿಡಿಸಿಕೊಂಡು ಮೇಜುಗಳ ನಡುವೆ ನಡೆದೆ. ಊಟ ಮಾಡುತ್ತಿದ್ದವರ ತಟ್ಟೆಗೆ ಕೊಡೆಯ ಕಡ್ಡಿ ತಾಗದಂತೆ ನಡೆಯುವುದು ಸುಲಭದ ಕೆಲಸವಲ್ಲ. ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆದು ನನ್ನ ಕಫೀಲ್ ಒಳಗೆ ಬಂದರು. ಕಫೀಲ್ ಎಂದರೆ ಯಾರ ಹೆಸರಿನಲ್ಲಿ ನಮ್ಮ ಅಂಗಡಿ, ಇಲ್ಲಿರಲು ಬೇಕಾದ ನಮ್ಮ ಇಕಾಮಾ ಕಾರ್ಡು, ನಮ್ಮ ಉಸಿರು ಎಲ್ಲ ಇರುತ್ತದೋ ಅವರು. ವರ್ಷಕ್ಕೊಮ್ಮೆ ಬರುವವರು ಅವತ್ತೇ ಬರಬೇಕೇ? ಬಾಗಿಲಲ್ಲೇ ನಿಂತು ಹೊರಗೆ ಆಕಾಶ ನೋಡಿದರು. ಬೆಂಕಿಯಂಥ ಬಿಸಿಲು. ಒಳಗೆ ನನ್ನ ಕೊಡೆ ನೋಡಿದರು. "ಯಾ ಹಮೀದ್, ಮಾಫಿ ಮತರ್!" ಎಂದರು, ಮಳೆಯೇ ಇಲ್ಲವಲ್ಲೋ ಎಂದು. ನಾನು ಕೊಡೆ ಮಡಚದೆಯೇ ಫೋನು ಅವರ ಮುಂದೆ ಹಿಡಿದೆ. ಮೊಮ್ಮಗಳು, ಅವಳ ಹಿಂದೆ ಮಳೆ, ಮಳೆಯ ಹಿಂದೆ ಕಣ್ಣು ಹೋಗುವಷ್ಟು ದೂರ ಹಸಿರು ಹುಲ್ಲು. ಕಫೀಲ್ ಕುರ್ಚಿ ಎಳೆದು ಕುಳಿತರು. "ಸುಬ್‌ಹಾನಲ್ಲಾಹ್" ಎಂದು ಬಹಳ ಹೊತ್ತು ನೋಡಿದರು. ಆಮೇಲೆ ಅರಬಿಯಲ್ಲಿ, ಇಷ್ಟು ಹುಲ್ಲಿಗೆ ಒಂದಾದರೂ ಒಂಟೆ ಇಲ್ಲವೇ, ಪಾಪದ ಜನ ಎಂದು ಇಂಗ್ಲಿಷರ ಮೇಲೆ ಮರುಕಪಟ್ಟು, ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು, ಬಂದ ಕೆಲಸವನ್ನೇ ಮರೆತು ಹೋದರು.

ಸುದ್ದಿ ಹಬ್ಬಿತು. ಊಟಕ್ಕೆ ಬಂದವರು ಪರೋಟ ಮುಗಿದರೂ ಏಳುತ್ತಿರಲಿಲ್ಲ. ಇವತ್ತು ಸೇತುವೆಯ ದಾರಿಯೋ ಇಗರ್ಜಿಯ ದಾರಿಯೋ ಎಂದು ಪಂಥ ಕಟ್ಟುತ್ತಿದ್ದರು. ಒಂದು ದಿನ ಸಫಿಯಾ ಗದ್ದೆಯ ನಡುವೆ ಬೇಲಿಯ ಮೆಟ್ಟಿಲಿನ ಹತ್ತಿರ ನಿಂತಿದ್ದಳು. ಗಾಡಿಯನ್ನು ಒಬ್ಬಳೇ ಎತ್ತಲು ಆಗದು, ಹಿಂದಿನಿಂದ ಕರಿಬಿಳಿ ದನಗಳು ಒಂದೊಂದಾಗಿ ಹತ್ತಿರ ಬರುತ್ತಿವೆ. "ಉಪ್ಪ, ಇವು ಎಂತ ನನ್ನನ್ನೇ ನೋಡ್ತಾ ಇವೆ?" ಎಂದಳು, ಧ್ವನಿ ಸಣ್ಣದಾಗಿತ್ತು. ಬೂಫಿಯಾದಲ್ಲಿ ಎಲ್ಲರೂ ಎದ್ದು ನಿಂತರು. ಬಂಗಾಳಿಯಲ್ಲಿ, ಮಲಯಾಳದಲ್ಲಿ, ಉರ್ದುವಿನಲ್ಲಿ, ಬ್ಯಾರಿಯಲ್ಲಿ ಒಟ್ಟಿಗೆ ಸಲಹೆಗಳು ಹೊರಟವು. ದನಗಳಿಗೆ ಒಂದೂ ತಿಳಿಯಲಿಲ್ಲ. ಆಗ ಖಾನ್ ಎಲ್ಲರನ್ನೂ ಪಕ್ಕಕ್ಕೆ ಸರಿಸಿ, "ಹಟೋ, ಹಟೋ, ಮೈ ಭೈಂಸೋಂ ಮೇ ಪಲಾ ಹೂಂ" ಎಂದು, ಎಮ್ಮೆಗಳ ನಡುವೆಯೇ ಬೆಳೆದ ಗಂಡಸಿನ ಗತ್ತಿನಲ್ಲಿ ಫೋನು ಬಾಯಿಯ ಹತ್ತಿರ ಹಿಡಿದು, ಎದೆ ತುಂಬ ಉಸಿರೆಳೆದು, "ಹುರ್ರ್ರ್ ಹಾಆಆ!" ಎಂದು ಕೂಗಿದ. ಗಲ್ಲಾದ ಮೇಲಿನ ಗಾಜಿನ ಬರಣಿಗಳು ನಡುಗಿದವು. ದನಗಳು ಕಿವಿ ನಿಮಿರಿಸಿದವು. ಆಮೇಲೆ ಬಾಲ ಎತ್ತಿಕೊಂಡು ಓಡತೊಡಗಿದವು, ನೇರವಾಗಿ ಗಾಡಿಯ ಕಡೆಗೆ! "ಖಾನ್ ಭಾಯಿ, ಎಂತ ಕೂಗಿದೆ ನೀನು?" ಎಂದರೆ, ಅವನು ತಲೆ ಕೆರೆದುಕೊಂಡು ಹೇಳಿದ: ಅವನ ಊರಿನಲ್ಲಿ ಅದು ಎಮ್ಮೆಗಳನ್ನು ಓಡಿಸುವ ಕೂಗಲ್ಲ, ಹಿಂಡಿ ತಿನ್ನಲು ಕರೆಯುವ ಕೂಗು. ಅವನಿಗೆ ಬರುವುದು ಅದೊಂದೇ.

ಮರುಕ್ಷಣ ಫೋನಿನ ತುಂಬ ಒಂದು ದೊಡ್ಡ ನಾಲಿಗೆ. ನೆಕ್ಕಿತು. ಜುಬೈಲಿನಲ್ಲಿ ನಾನು ಹೆಗಲ ಮೇಲಿನ ಟವೆಲಿನಿಂದ ನನ್ನ ಮುಖ ಒರೆಸಿಕೊಂಡೆ. ಆಮೇಲೆ ಯೋಚಿಸಿದರೆ ನಾಚಿಕೆಯಾಗುತ್ತದೆ, ಆದರೆ ಪಕ್ಕದಲ್ಲಿದ್ದ ಇಬ್ಬರು ಕೂಡ ಒರೆಸಿಕೊಂಡರು. ನಾಲಿಗೆ ಸರಿದಾಗ ನೋಡುತ್ತೇವೆ, ಹನಾ ಆ ದನದ ಮೂಗು ಹಿಡಿದು ನಗುತ್ತಿದ್ದಾಳೆ. ಅಷ್ಟರಲ್ಲಿ ಗದ್ದೆಯ ಯಜಮಾನ ಬಂದ. ಟೊಪ್ಪಿ ಹಾಕಿದ ಮುದುಕ. ದನಗಳ ಬೆನ್ನು ತಟ್ಟಿ ಸರಿಸಿ, ಗಾಡಿಯನ್ನು ಎತ್ತಿ ಬೇಲಿ ದಾಟಿಸಿ, ಫೋನಿನೊಳಗೆ ಬಗ್ಗಿ ನೋಡಿದ. ಅಲ್ಲಿ ಗಡ್ಡದ, ಮೀಸೆಯ, ಬಾಯಲ್ಲಿ ಪರೋಟವಿದ್ದ ಹತ್ತಾರು ಮುಖಗಳು. ಅವನೇನೂ ಗಾಬರಿಯಾಗಲಿಲ್ಲ. "ಗುಡ್ ಮಾರ್ನಿಂಗ್" ಎಂದ. ನಾವೆಲ್ಲ ಒಟ್ಟಿಗೆ "ವ ಅಲೈಕುಮ್ ಸಲಾಮ್" ಎಂದೆವು.

ಆ ಮುದುಕನ ಮೂಲಕ ನನ್ನ ಹೆಸರು ಊರಿನಲ್ಲಿ ಹರಡಿತು. ತಿಂಗಳಿಗೊಮ್ಮೆ ಆ ಊರಿನ ಹಿರಿಯರು ಕೋಲು ಹಿಡಿದು ಸುತ್ತಮುತ್ತಲಿನ ಹಳೆಯ ಕಟ್ಟಡಗಳನ್ನು ನೋಡಲು ಹೊರಡುತ್ತಾರೆ. ಅವರ ಯಜಮಾನಿ ಒಬ್ಬ ಅಜ್ಜಿ, ನಾನು ಅವರನ್ನು ಮಾರ್ಗರೆಟಮ್ಮ ಎಂದೇ ಕರೆಯುವುದು. ಅರಬಸ್ಥಾನದ ಅಜ್ಜನೂ ಬರಲಿ ಎಂದು ಅವರೇ ಹೇಳಿಕಳಿಸಿದರು. ನಾನು ಅವತ್ತು ಬಿಳಿ ಅಂಗಿ ಹಾಕಿ ಅತ್ತರು ಪೂಸಿದೆ. ಊರಾಚೆ ಹಿಂದಿನ ಕಾಲದ ಸನ್ಯಾಸಿಗಳ ಒಂದು ಮಠವಿದೆ. ಇದೆ ಅಂದರೆ, ಬಿದ್ದುಹೋಗಿದೆ. ಬಿದ್ದದ್ದನ್ನು ಬಿದ್ದ ಹಾಗೆಯೇ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಒಂದು ಕಡೆ ದಪ್ಪ ಗೋಡೆಯಲ್ಲಿ ಸಾಲಾಗಿ ಕಲ್ಲಿನ ಗೂಡುಗಳು, ಒಂದೊಂದರಲ್ಲೂ ದುಂಡಗಿನ ತೂತು. ಇದು ಏನಿರಬಹುದು ಎಂದು ಮಾರ್ಗರೆಟಮ್ಮ ಎಲ್ಲರನ್ನೂ ಕೇಳಿದರು. ನಾನು ಬಿಡುತ್ತೇನೆಯೇ? ಜೀವಮಾನವೆಲ್ಲ ಒಲೆಯ ಮುಂದೆ ನಿಂತವನು. "ಮಗಳೇ, ಅವರಿಗೆ ಹೇಳು, ಇದು ತಂದೂರಿ ಒಲೆ. ಇಷ್ಟು ಒಲೆ ಇಟ್ಟಿದ್ದಾರೆಂದರೆ ಅನ್ನದಾನಕ್ಕೆ ಎತ್ತಿದ ಕೈ. ರೊಟ್ಟಿಯ ವಾಸನೆ ನನಗೆ ಇಲ್ಲಿಗೇ ಬರ್ತಾ ಇದೆ" ಎಂದೆ. ಸಫಿಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮಾರ್ಗರೆಟಮ್ಮ ಫೋನಿನ ಕಡೆಗೆ ಬಹಳ ಪ್ರೀತಿಯಿಂದ ನೋಡಿ ಏನೋ ಉತ್ತರ ಕೊಟ್ಟರು. ಮುದುಕರೆಲ್ಲ ಕೋಲು ಊರಿ ಅಲುಗಾಡುತ್ತ ನಕ್ಕರು. ಸಫಿಯಾ ತುಟಿ ಕಚ್ಚಿಕೊಂಡು, "ಉಪ್ಪ, ಅದು ಅವರ ಕಕ್ಕಸು" ಎಂದಳು. ಅಬ್ದು ಆ ವಾರವೆಲ್ಲ ಪರೋಟದ ಪರಿಮಳವೆದ್ದಾಗ, "ಹಮೀದಾಕ, ಮಠದ ನೆನಪಾಗ್ತದಾ?" ಎಂದು ಕೇಳುತ್ತಿದ್ದ.

ನಗಲಿ ಬಿಡಿ. ನನ್ನ ಲೆಕ್ಕಾಚಾರ ಬೇರೆಯಿತ್ತು. ಇಷ್ಟು ಗದ್ದೆ, ಇಷ್ಟು ಗೇಟು, ಇಷ್ಟು ಮಳೆ ಜೊತೆಯಲ್ಲಿ ನಡೆದ ಅಜ್ಜನನ್ನು ಯಾವ ಮಗು ಮರೆಯುತ್ತದೆ? ಹಾಗಾಗಿ ಸಫಿಯಾ, "ಮಕ್ಕಾಕ್ಕೆ ಉಮ್ರಾ ಮಾಡ್ಲಿಕ್ಕೆ ಬರ್ತಾ ಇದ್ದೇವೆ, ಮುಗಿಸಿಕೊಂಡು ನಿಮ್ಮಲ್ಲಿಗೆ ಬರ್ತೇವೆ" ಎಂದಾಗ ನಾನು ಸಕ್ಕರೆ ಡಬ್ಬಿಯಿಂದ ದೂರವೇ ಇದ್ದೆ. ಖಾನ್ ಟ್ರೈಲರ್ ನಿಲ್ಲಿಸಿ ಯಾರದೋ ಕಾರು ಕೇಳಿ ತಂದ. ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ನಾನು ಎಲ್ಲರಿಗಿಂತ ಮುಂದೆ ನಿಂತೆ. ಅವರು ಹೊರಗೆ ಬಂದರು. ಅಳಿಯ ಸಲಾಮು ಹೇಳಿದ, ಹೇಳಿದನಂತೆ, ನನಗೆ ಕೇಳಿಸಲಿಲ್ಲ. ನಾನು ಹನಾಳ ಮುಂದೆ ಎರಡು ಕೈ ಚಾಚಿದೆ. ಹನಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟ ನನಗೆ ಗೊತ್ತಿತ್ತು, ಅವಳ ಉಮ್ಮನದೇ. ಆಮೇಲೆ ದಮ್ಮಾಮಿನಿಂದ ಬಹ್ರೇನಿನವರೆಗೆ ಕೇಳುವ ಹಾಗೆ ಅತ್ತು ಸಫಿಯಾಳ ಕುತ್ತಿಗೆಯಲ್ಲಿ ಮುಖ ಅಡಗಿಸಿದಳು. ಇವಳಿಗೆ ಮಾತು ಬಂದಿರಲಿಲ್ಲ, ಅದೊಂದೇ ಅಲ್ಲಾಹನ ಕೃಪೆ.

ನಾನು ಕೈ ಬಿಡಲಿಲ್ಲ. ಅಲ್ಲಿಯೇ ಜನರ ನಡುವೆ ಅವಳ ಮುಂದೆ ಅತ್ತಿಂದಿತ್ತ ನಡೆದೆ. ಅಳು ಜಾಸ್ತಿಯಾಯಿತು. ಕಂಬದ ಹಿಂದೆ ನಿಂತು ವಿಡಿಯೋ ಕಾಲ್ ಮಾಡಿ ಫೋನಿನೊಳಗಿಂದ ನಡೆದೆ. ಫೋನು ನೋಡಿಯೂ ಅತ್ತಳು. ಒಬ್ಬ ಪೊಲೀಸ್ ನನ್ನನ್ನೇ ಗಮನಿಸತೊಡಗಿದಾಗ ಖಾನ್, "ಯಲ್ಲಾ ಬಾಬಾಜಿ, ಯಲ್ಲಾ" ಎಂದು ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದ. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಮರಳು ನೋಡಿದೆ. ಸಫಿಯಾ ಹಿಂದಿನಿಂದ, "ಉಪ್ಪ, ಮಕ್ಕಳು ಹಾಗೆಯೇ, ನಾಲ್ಕು ದಿನ ಹೋಗ್ಲಿ" ಎಂದಳು. ಅವಳ ಉಮ್ಮ ಹಿಂದೆ ನನಗೆ ಹೇಳಿದ್ದೂ ಇದೇ ಮಾತು.

ಬೂಫಿಯಾದ ಮುಂದೆ ಕಾರು ನಿಂತಿತು. ಊಟದ ಹೊತ್ತು, ಒಳಗೆ ಜನ ತುಂಬಿದ್ದರು. ಬಾಗಿಲು ತೆರೆದಾಗ ಅಬ್ದು ಪರೋಟದ ಅಟ್ಟಿ ಹಿಡಿದು ಟಪಟಪ ಟಪಟಪ ಹೊಡೆಯುತ್ತಿದ್ದ. ಸಫಿಯಾಳ ಕುತ್ತಿಗೆಯಿಂದ ಒಂದು ಮುಖ ಮೆಲ್ಲನೆ ಹೊರಗೆ ಬಂತು. ಕಣ್ಣು ಅರಳಿತು. ಆಮೇಲೆ ಕೇಕೆ! ಗೇಟಿನ ಮೂಲೆಯ ಅದೇ ಕೇಕೆ. ಹನಾ ಉಮ್ಮನ ಸೊಂಟದಿಂದ ಹಾರಿ ಬೀಳುವ ಹಾಗೆ ಎರಡೂ ಕೈಗಳನ್ನು ಚಾಚಿದಳು, ಅಬ್ದುವಿನ ಕಡೆಗೆ. ಅಬ್ದು ಹೊಡೆಯುವುದನ್ನು ನಿಲ್ಲಿಸಿದ, ಕೇಕೆ ನಿಂತಿತು. ಮತ್ತೆ ಹೊಡೆದ, ಮತ್ತೆ ಕೇಕೆ. ಇಡೀ ಬೂಫಿಯಾ ತಿರುಗಿ ನನ್ನನ್ನು ನೋಡಿತು. ಗೋಡೆಗೆ ಒರಗಿ ಕುಳಿತ ದಿನಗಳ ಅಳು, ಅಡುಗೆಮನೆಯ ಬಾಯಿ ದಾಟಿದ ದಿನದ ನಗು, ಮೂಲೆಯ ಗೇಟು, ಎಲ್ಲ ನನಗೆ ಒಮ್ಮೆಲೇ ತಿಳಿಯಿತು. ಇಷ್ಟು ದಿನ ಅವಳು ನನ್ನ ಕಿವಿಯ ಪಕ್ಕದಿಂದ ಪರೋಟ ನೋಡುತ್ತಿದ್ದಳು. ನಾನು ಅಡ್ಡ ಬಂದ ಒಂದು ಗಡ್ಡ. "ಹಮೀದಾಕ," ಎಂದ ಅಬ್ದು, ಹೊಡೆಯುತ್ತಲೇ, "ಆ ಕೊಡೆಯ ಧೂಳು ಕೊಡವುವ ಕೆಲಸವನ್ನಾದರೂ ಉಳಿಸ್ಬಹುದಿತ್ತು."

ನಾನು ಅಂಗಿಯ ತೋಳು ಮಡಚಿ, ಅಬ್ದುವನ್ನು ಸರಿಸಿ, ಕಾವಲಿಯ ಮುಂದೆ ನಿಂತು ಒಂದು ಅಟ್ಟಿ ಬಿಸಿ ಪರೋಟ ಎತ್ತಿಕೊಂಡೆ. ಕೈ ಸುಟ್ಟಿತು. ಹೊಡೆದೆ. ಹನಾ ಅನುಮಾನದಿಂದ ನೋಡಿದಳು. ಇನ್ನೂ ಜೋರಾಗಿ ಹೊಡೆದೆ. ಪರೋಟದ ಚೂರುಗಳು ಹಾರಿ ನನ್ನ ಗಡ್ಡದಲ್ಲಿ ಕುಳಿತವು. ಅವಳು ನಕ್ಕಳು. ಹಲ್ಲು ಎರಡು ಬಂದಿವೆ, ನಿಮಗೆ ಹೇಳಲು ಮರೆತಿದ್ದೆ. ಆಮೇಲೆ ಉಮ್ಮನ ಸೊಂಟದಿಂದ ಬಗ್ಗಿ ನನ್ನ ಕಡೆಗೆ ಕೈ ಚಾಚಿದಳು. ನನ್ನ ಕಡೆಗೋ ನನ್ನ ಗಡ್ಡದ ಚೂರಿನ ಕಡೆಗೋ ಎಂದು ಅಬ್ದು ಇವತ್ತಿಗೂ ವಾದ ಮಾಡುತ್ತಾನೆ. ಅವನ ಮಾತಿಗೆ ಬೆಲೆ ಕೊಡಬೇಡಿ. ಎಣ್ಣೆಗೈಯಲ್ಲೇ ನಾನು ಅವಳನ್ನು ಎತ್ತಿಕೊಂಡೆ, ಅವಳು ಅಳಲಿಲ್ಲ.

ಅವರು ಇಂಗ್ಲೆಂಡಿಗೆ ಹಿಂತಿರುಗಿ ಬಹಳ ದಿನಗಳಾದವು. ಈಗ ನಾನು ನಡೆಯುವುದಿಲ್ಲ. ಕಾಲ್ ಬಂದೊಡನೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಕಾವಲಿಯ ಮುಂದೆ ನಿಲ್ಲುತ್ತೇನೆ, ಅಬ್ದು ಗಲ್ಲಾದಲ್ಲಿ ಕುಳಿತು ಹಲ್ಲು ಕಿರಿಯುತ್ತಾನೆ. ಹಳ್ಳಿಯಲ್ಲಿ ಏನಾಗುತ್ತಿದೆ ಎಂದು ನೋಡಲು ನನಗೆ ಪುರುಸೊತ್ತಿಲ್ಲ. ಖಾನ್ ಕೂಗುತ್ತಾನೇನೋ ಎಂದು ದನಗಳು ಬೇಲಿಯ ಹತ್ತಿರ ಬಂದು ನಿಲ್ಲುತ್ತವೆ ಎಂದು ಸಫಿಯಾ ಹೇಳಿದಳು. ಕಣ್ಣು ಹನಾಳ ಮೇಲಿಟ್ಟು ಕೈಯಿಂದ ಹೊಡೆದರೆ ಪರೋಟ ಪದರವಾಗುವುದಿಲ್ಲ, ಪುಡಿಯಾಗುತ್ತದೆ. ಗಿರಾಕಿಗಳು ಅದನ್ನು ಚಮಚದಲ್ಲಿ ತಿನ್ನುತ್ತಾರೆ. ಮೊನ್ನೆ ಖಾನ್ ತಟ್ಟೆಯಲ್ಲಿದ್ದ ಪುಡಿಯನ್ನು ಸ್ವಲ್ಪ ಹೊತ್ತು ನೋಡಿ, ಗಲ್ಲಾದ ಕಡೆಗೆ ಬಗ್ಗಿ, ಅಬ್ದುವನ್ನು ಮೆಲ್ಲನೆ ಕೇಳಿದ: "ಯೇ ಬಾಬಾ ಕಬ್ ಜಾಯೇಗಾ?"

ಈ ಜನ ಯಾವಾಗ ಹೋಗ್ತಾರೆ? ಅದೇ ಮಾತು, ಭಾಷೆ ಮಾತ್ರ ಬೇರೆ. ಈ ಸಲ ಅದು ಮುಳ್ಳಿನ ಹಾಗೆ ಚುಚ್ಚಲಿಲ್ಲ. ನಾನು ಕೇಳಿಸದವನ ಹಾಗೆ ಇನ್ನೊಂದು ಅಟ್ಟಿ ಎತ್ತಿಕೊಂಡೆ.